ಸುಗಂಧತೈಲ: ಹನಿಯಲ್ಲಿ ಅಳೆಯಬೇಕಾದ ವಸ್ತು

ಒಂದು ಲವಂಗ ಸುಮಾರು 100 ಮಿಲಿಗ್ರಾಂ ತೂಗುತ್ತದೆ. ಒಳ್ಳೆಯ ಮಾಲಾದರೆ ಅದರಲ್ಲಿ ಶೇ 15ರಷ್ಟು, ಅಂದರೆ 15 ಮಿಲಿಗ್ರಾಂ, ಎಣ್ಣೆ ಇರುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಲವಂಗದೆಣ್ಣೆಯ ಒಂದು ಹನಿ 40ರಿಂದ 50 ಮಿಲಿಗ್ರಾಂ ತೂಗುತ್ತದೆ. ಲೆಕ್ಕ ಹಾಕಿದರೆ ಒಂದು ಹನಿಯಲ್ಲಿ ಮೂರು ಲವಂಗ; 10 ಮಿಲಿಯ ಪುಟ್ಟ ಸೀಸೆಯಲ್ಲಿ ಏಳುನೂರರ ಆಸುಪಾಸು. ಹಲ್ಲು ನೋಯುವಾಗ ಒಂದು ಲವಂಗವನ್ನು ದವಡೆಯಲ್ಲಿ ಒತ್ತಿಟ್ಟುಕೊಳ್ಳುವವರು ಏಳುನೂರು ಲವಂಗವನ್ನು ಒಮ್ಮೆಗೇ ಬಾಯಿಗೆ ಹಾಕಿಕೊಳ್ಳುವ ಮಾತೇ ಇಲ್ಲ, ನಾಲಗೆಯೇ ತಡೆಯುತ್ತದೆ. ಸೀಸೆಯಲ್ಲಿ ಆ ತಡೆ ಇಲ್ಲ. ಇಂಥ ಒಂದು ಸೀಸೆಯಷ್ಟು ಲವಂಗದೆಣ್ಣೆ ಕುಡಿದ ಪುಟ್ಟ ಮಕ್ಕಳ ಯಕೃತ್ತು ಕೆಟ್ಟು ತುರ್ತು ಚಿಕಿತ್ಸೆ ಬೇಕಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಸುಗಂಧತೈಲಗಳ ಬಗ್ಗೆ ನಡೆಯುವ ಚರ್ಚೆ ಸಾಮಾನ್ಯವಾಗಿ ‘ಇದು ಒಳ್ಳೆಯದೋ ಕೆಟ್ಟದ್ದೋ’ ಎಂಬಲ್ಲಿಗೆ ನಿಂತುಬಿಡುತ್ತದೆ. ನಾವು ಕೇಳಬೇಕಾದ ಪ್ರಶ್ನೆ ಅದಲ್ಲ. ಎಷ್ಟು, ಎಲ್ಲಿಗೆ, ಯಾರಿಗೆ ಎಂದು ಕೇಳಬೇಕು. ಈ ತೈಲಗಳು ನಿಜವಾಗಿ ಕೆಲಸ ಮಾಡುತ್ತವೆ ಎಂದು ಒಪ್ಪುವವರೇ ಅವುಗಳ ಅಳತೆಯ ಬಗ್ಗೆ ಎಲ್ಲರಿಗಿಂತ ಹೆಚ್ಚು ಕಟ್ಟುನಿಟ್ಟಾಗಿರಬೇಕು ಎಂಬುದು ನನ್ನ ವಾದ.

ಮೊದಲು ಈ ವಸ್ತು ಯಾವುದೆಂದು ತಿಳಿದುಕೊಳ್ಳೋಣ. ಕಿತ್ತಳೆ ಸಿಪ್ಪೆಯನ್ನು ದೀಪದ ಕುಡಿಯ ಬಳಿ ಹಿಡಿದು ಹಿಂಡಿದರೆ ಚಿಟಪಟ ಎಂದು ಕಿಡಿ ಹಾರುವುದನ್ನು ಎಲ್ಲರೂ ನೋಡಿರುತ್ತಾರೆ. ಸಿಪ್ಪೆಯ ಹೊರಮೈಯಲ್ಲಿ ಸೂಜಿಮೊನೆಯಷ್ಟು ಚುಕ್ಕಿಗಳಿವೆಯಲ್ಲ, ಅವೆಲ್ಲ ಎಣ್ಣೆಯ ಚೀಲಗಳು. ಹಿಂಡಿದಾಗ ಅವು ಒಡೆದು ಎಣ್ಣೆ ತುಂತುರಾಗಿ ಚಿಮ್ಮಿ ಬೆಂಕಿ ಹಿಡಿಯುತ್ತದೆ. ಆ ಎಣ್ಣೆಯಲ್ಲಿ ಶೇ 90ಕ್ಕಿಂತ ಹೆಚ್ಚು ಲಿಮೊನೀನ್ ಎಂಬ ಒಂದೇ ರಾಸಾಯನಿಕ. ಇದು ಕೊಬ್ಬರಿ ಎಣ್ಣೆ, ಎಳ್ಳೆಣ್ಣೆಗಳ ಜಾತಿಯದಲ್ಲ. ಅವು ಕೊಬ್ಬು, ಕಾಗದದ ಮೇಲೆ ಬಿದ್ದರೆ ಜಿಡ್ಡಿನ ಕಲೆ ಉಳಿಯುತ್ತದೆ. ಸುಗಂಧತೈಲದ ಹನಿ ಬಹುಪಾಲು ಆವಿಯಾಗಿ ಹೋಗುತ್ತದೆ, ಹಾಗೆ ಆವಿಯಾಗುವುದರಿಂದಲೇ ಅದರ ಪರಿಮಳ ನಮ್ಮ ಮೂಗಿಗೆ ತಲುಪುತ್ತದೆ. ಗಿಡ ಇದನ್ನು ನಮಗಾಗಿ ಮಾಡಿಟ್ಟುಕೊಂಡಿಲ್ಲ. ಎಲೆ ತಿನ್ನುವ ಹುಳುವನ್ನು ಓಡಿಸಲು, ಶಿಲೀಂಧ್ರವನ್ನು ತಡೆಯಲು, ಪರಾಗಕ್ಕೆ ಬರುವ ಕೀಟವನ್ನು ಕರೆಯಲು ಅದಕ್ಕೆ ಈ ರಾಸಾಯನಿಕಗಳು ಬೇಕು. ಹುಳುವನ್ನು ಕೊಲ್ಲಬಲ್ಲ ವಸ್ತು ಪ್ರಮಾಣ ಮೀರಿದರೆ ಮನುಷ್ಯನಿಗೂ ತೊಂದರೆ ಕೊಡುತ್ತದೆ ಎಂಬುದರಲ್ಲಿ ಆಶ್ಚರ್ಯವಿಲ್ಲ.

ಕಿತ್ತಳೆ, ನಿಂಬೆಗಳ ಸಿಪ್ಪೆಯಿಂದ ಎಣ್ಣೆಯನ್ನು ಒತ್ತಿ ತೆಗೆಯುತ್ತಾರೆ. ಉಳಿದ ಬಹುಪಾಲು ತೈಲಗಳು ಹಬೆಯ ಭಟ್ಟಿಯಿಂದ ಬರುತ್ತವೆ. ಇದರ ಹಿಂದಿನ ಭೌತವಿಜ್ಞಾನ ಬಲು ಸೊಗಸಾದದ್ದು. ತೈಲದ ಘಟಕಗಳು ಬಿಡಿಬಿಡಿಯಾಗಿ ಕುದಿಯಬೇಕಾದರೆ 150, 200, ಕೆಲವಕ್ಕೆ 250 ಡಿಗ್ರಿಗೂ ಹೆಚ್ಚು ಶಾಖ ಬೇಕು, ಅಷ್ಟು ಕಾಯಿಸಿದರೆ ಪರಿಮಳವೇ ಸುಟ್ಟುಹೋಗುತ್ತದೆ. ಆದರೆ ನೀರು ಮತ್ತು ಎಣ್ಣೆ ಒಂದರಲ್ಲೊಂದು ಬೆರೆಯದ ದ್ರವಗಳು. ಅವನ್ನು ಒಟ್ಟಿಗೆ ಕಾಯಿಸಿದಾಗ ಎರಡರ ಆವಿಯ ಒತ್ತಡಗಳೂ ಕೂಡಿಕೊಳ್ಳುತ್ತವೆ; ಆ ಮೊತ್ತ ಹೊರಗಿನ ಗಾಳಿಯ ಒತ್ತಡಕ್ಕೆ ಸಮವಾದ ಕೂಡಲೇ, ನೂರು ಡಿಗ್ರಿ ಮುಟ್ಟುವ ಮೊದಲೇ, ಎರಡೂ ಜೊತೆಯಾಗಿ ಮೇಲೇಳುತ್ತವೆ. ತಣ್ಣನೆಯ ಕೊಳವೆಯಲ್ಲಿ ಆ ಆವಿ ಮತ್ತೆ ದ್ರವವಾದಾಗ ಎಣ್ಣೆ ಬೇರೆ, ನೀರು ಬೇರೆ. ಗುಲಾಬಿಯ ಭಟ್ಟಿಯಲ್ಲಿ ಹೀಗೆ ಉಳಿದ ನೀರೇ ಮದುವೆ ಮನೆಯಲ್ಲಿ ಚಿಮುಕಿಸುವ ಪನ್ನೀರು. ಎಣ್ಣೆ ಸಿಗುವುದು ಮಾತ್ರ ತೀರ ಅತ್ಯಲ್ಪ: ಒಂದು ಕಿಲೊ ಗುಲಾಬಿ ಎಣ್ಣೆಗೆ ಮೂರರಿಂದ ಐದು ಟನ್ ಹೂವು ಬೇಕು. ಮಲ್ಲಿಗೆಯಂತೂ ಹಬೆಯ ಕಾವನ್ನೇ ತಾಳುವುದಿಲ್ಲ. ಅದರ ಸತ್ವವನ್ನು ದ್ರಾವಕ ಬಳಸಿ ತೆಗೆಯಬೇಕು. ಮಾವಿನ ಹಣ್ಣು, ಸ್ಟ್ರಾಬೆರಿಗಳಿಂದ ಸುಗಂಧತೈಲ ಭಟ್ಟಿ ಇಳಿಯುವುದೇ ಇಲ್ಲ. ಇಷ್ಟು ತಿಳಿದವರಿಗೆ ಅಂಗಡಿಯ ಕಪಾಟಿನಲ್ಲಿ ಒಂದೇ ಬೆಲೆಗೆ ಸಾಲಾಗಿ ನಿಂತ ಗುಲಾಬಿ, ಮಲ್ಲಿಗೆ, ಸ್ಟ್ರಾಬೆರಿ ‘ಎಸೆನ್ಷಿಯಲ್ ಆಯಿಲ್’ ಸೀಸೆಗಳಲ್ಲಿ ಏನಿದ್ದೀತು ಎಂದು ಬೇರೆ ಹೇಳಬೇಕಾಗಿಲ್ಲ.

ಈ ವಿಷಯದಲ್ಲಿ ಕರ್ನಾಟಕಕ್ಕೆ ಒಂದು ಹೆಮ್ಮೆಯ ಇತಿಹಾಸವಿದೆ, ನನ್ನ ವಾದಕ್ಕೂ ಅದು ಬೇಕು. ಮೈಸೂರು ಸಂಸ್ಥಾನದ ಶ್ರೀಗಂಧ ಮೊದಲನೆಯ ಮಹಾಯುದ್ಧದ ತನಕ ಬಹುಮಟ್ಟಿಗೆ ಕೊರಡಾಗಿಯೇ ಯುರೋಪಿಗೆ, ಮುಖ್ಯವಾಗಿ ಜರ್ಮನಿಗೆ, ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಶುರುವಾಗಿ ಆ ದಾರಿ ಮುಚ್ಚಿತು, ಗಂಧದ ಕೊರಡು ಕೋಠಿಗಳಲ್ಲಿ ರಾಶಿ ಬಿತ್ತು. ದಿವಾನ್ ವಿಶ್ವೇಶ್ವರಯ್ಯನವರು ಮತ್ತು ಕೈಗಾರಿಕೆಯ ಹೊಣೆ ಹೊತ್ತಿದ್ದ ಆಲ್ಫ್ರೆಡ್ ಚಾಟರ್ಟನ್ ಅದನ್ನು ಇಲ್ಲಿಯೇ ಭಟ್ಟಿ ಇಳಿಸಬೇಕೆಂದು ಹೊರಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನ ವಿಜ್ಞಾನಿಗಳು ಪ್ರಯೋಗ ನಡೆಸಿ ವಿಧಾನವನ್ನು ಕುದುರಿಸಿಕೊಟ್ಟರು. 1916ರಲ್ಲಿ ಸರಕಾರವೇ ಚಂದನದೆಣ್ಣೆ ತೆಗೆಯತೊಡಗಿತು, 1918ರ ಹೊತ್ತಿಗೆ ಅದೇ ಎಣ್ಣೆಯ ಮೈಸೂರು ಸ್ಯಾಂಡಲ್ ಸೋಪು ಬಂತು. ಹುಟ್ಟಿದಂದಿನಿಂದ ಈ ಉದ್ಯಮದ ಮರ್ಯಾದೆ ನಿಂತಿರುವುದು ಅಳತೆಯ ಮೇಲೆ. ಇಂದಿಗೂ ಭಾರತದ ಚಂದನದೆಣ್ಣೆಯ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅದರಲ್ಲಿ ಆಲ್ಫಾ ಸ್ಯಾಂಟಲಾಲ್ ಶೇ 41ರಿಂದ 55, ಬೀಟಾ ಸ್ಯಾಂಟಲಾಲ್ ಶೇ 16ರಿಂದ 24 ಇರಬೇಕು. ಕಾರ್ಖಾನೆಯಲ್ಲಿ ಶೇಕಡಾವಾರು ಲೆಕ್ಕ ಹಾಕಿ ಸೀಸೆ ತುಂಬುವ ಇದೇ ಜಾತಿಯ ವಸ್ತುವನ್ನು ನಾವು ಮನೆಗೆ ತಂದ ಮೇಲೆ ಅಂಗೈಗೆ ಸುರಿದುಕೊಳ್ಳುತ್ತೇವೆ.

ಹಾಗಾದರೆ ದಿನಬಳಕೆಗೆ ಇವು ಎಷ್ಟರಮಟ್ಟಿಗೆ ಒದಗುತ್ತವೆ? ಸಾಕಷ್ಟು ಒದಗುತ್ತವೆ. ಮೈಗೆ ಹಚ್ಚುವುದಾದರೆ ಕೊಬ್ಬರಿ ಎಣ್ಣೆಯೋ ಎಳ್ಳೆಣ್ಣೆಯೋ ಬಾದಾಮಿ ಎಣ್ಣೆಯೋ ಆಧಾರವಾಗಿರಬೇಕು. ಒಂದು ಮಿಲಿಗೆ ಸುಮಾರು 20 ಹನಿ ಎಂದಿಟ್ಟುಕೊಂಡರೆ, ಎರಡು ದೊಡ್ಡ ಚಮಚ ಅಂದರೆ 30 ಮಿಲಿ ಕೊಬ್ಬರಿ ಎಣ್ಣೆಗೆ 6 ಹನಿ ಬೆರೆಸಿದಾಗ ಶೇ 1ರ ಮಿಶ್ರಣವಾಗುತ್ತದೆ, 12 ಹನಿಗೆ ಶೇ 2. ಆರೋಗ್ಯವಂತ ವಯಸ್ಕರ ಮೈಕೈಗೆ ಇಷ್ಟು ಸಾಕು. ಮುಖಕ್ಕೆ ಶೇ 1ನ್ನೂ ದಾಟಬಾರದು. ಮೊದಲ ಸಲ ಹಚ್ಚುವವರು ಮೊಳಕೈಯ ಒಳಮೈಗೆ ಒಂದಿಷ್ಟು ಸವರಿ ಒಂದು ದಿನ ಕಾಯುವುದು ಲೇಸು. ಸ್ನಾನದ ಬಕೆಟ್ಟಿಗೆ ನೇರವಾಗಿ ಹನಿಸಿದರೆ ಎಣ್ಣೆ ನೀರಿನಲ್ಲಿ ಕರಗದೆ ಮೇಲೆ ತೇಲಿ, ಹಾಗೆಯೇ ಚರ್ಮಕ್ಕೆ ಅಂಟುತ್ತದೆ, ಉರಿ ತಪ್ಪಿದ್ದಲ್ಲ. ಮನೆಯ ಕೆಲಸಗಳಿಗೆ ಇವು ಇನ್ನೂ ಚೆನ್ನ. ಡಬ್ಬಿ, ಗಾಜುಗಳ ಮೇಲೆ ಉಳಿದ ಸ್ಟಿಕ್ಕರ್ ಅಂಟನ್ನು ನೀಲಗಿರಿ ಎಣ್ಣೆ ಅಥವಾ ಕಿತ್ತಳೆ ಎಣ್ಣೆ ಸಲೀಸಾಗಿ ಬಿಡಿಸುತ್ತದೆ. ನೆಲ ಒರೆಸುವ ನೀರಿಗೆ ಸಿಟ್ರೊನೆಲ್ಲಾ ಅಥವಾ ಮಜ್ಜಿಗೆಹುಲ್ಲಿನ ಎಣ್ಣೆ ನಾಲ್ಕು ಹನಿ ಬೆರೆಸಿದರೆ ಮಳೆಗಾಲದ ಮುಗ್ಗಲು ವಾಸನೆ ಅಡಗುತ್ತದೆ. ಬೀರುವಿನ ಮೂಲೆಯಲ್ಲಿ ಲಾವಂಚದ ಎಣ್ಣೆ ತಾಗಿಸಿದ ಹತ್ತಿಯುಂಡೆ ವಾರಗಟ್ಟಲೆ ಪರಿಮಳ ಕೊಡುತ್ತದೆ. ಕೋಣೆಗೆ ಡಿಫ್ಯೂಸರ್ ಇಟ್ಟರೆ ನಾಲ್ಕೈದು ಹನಿ, ಅರ್ಧ ಗಂಟೆ, ಕಿಟಕಿ ತೆರೆದಿರಲಿ. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಅದೂ ಬೇಡ.

ಇನ್ನು ಔಷಧಿಯ ಗುಣದ ಮಾತು. ಇಲ್ಲಿ ಪುರಾವೆ ಇರುವ ಸಂಗತಿಗಳಿವೆ, ಅವನ್ನು ತಳ್ಳಿಹಾಕುವುದು ಅನ್ಯಾಯ. ಆಸ್ಟ್ರೇಲಿಯಾದಲ್ಲಿ 124 ಮೊಡವೆ ರೋಗಿಗಳ ಮೇಲೆ ನಡೆದು 1990ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಶೇ 5ರ ಟೀ ಟ್ರೀ ಎಣ್ಣೆಯ ಜೆಲ್, ಶೇ 5ರ ಬೆಂಜಾಯ್ಲ್ ಪೆರಾಕ್ಸೈಡ್‌ನಷ್ಟು ಬೇಗ ಅಲ್ಲದಿದ್ದರೂ ಗುಣ ತೋರಿತು, ಅಡ್ಡಪರಿಣಾಮವೂ ಕಡಿಮೆಯಿತ್ತು. ಕರುಳಿನ ಸೆಳೆತಕ್ಕೆ, ಐಬಿಎಸ್ ಎನ್ನುತ್ತೇವಲ್ಲ ಅದಕ್ಕೆ, ಪೆಪ್ಪರ್‌ಮಿಂಟ್ ಎಣ್ಣೆಯನ್ನು ಅಮೆರಿಕದ ಜಠರ-ಕರುಳು ತಜ್ಞರ ಸಂಘ 2021ರ ಮಾರ್ಗಸೂಚಿಯಲ್ಲಿ ಸೂಚಿಸಿದೆ. ಹಲ್ಲಿನ ವೈದ್ಯರು ಲವಂಗದ ಯೂಜಿನಾಲನ್ನು ಜಿಂಕ್ ಆಕ್ಸೈಡ್ ಜೊತೆ ಕಲಸಿ ತಾತ್ಕಾಲಿಕ ಸಿಮೆಂಟಾಗಿ ಬಳಸುತ್ತ ಬಂದಿದ್ದಾರೆ. ಆದರೆ ಈ ಮೂರರಲ್ಲೂ ಗುಣ ಕೊಟ್ಟದ್ದು ಸೀಸೆಯಿಂದ ಮನಸ್ಸಿಗೆ ತೋಚಿದಷ್ಟು ಸುರಿದ ಎಣ್ಣೆಯಲ್ಲ. ಒಂದು ಕಡೆ ಶೇ 5ರ ಜೆಲ್, ಇನ್ನೊಂದು ಕಡೆ ಹೊಟ್ಟೆಯಲ್ಲಿ ಕರಗದೆ ಕರುಳಿನಲ್ಲಿ ಬಿಚ್ಚಿಕೊಳ್ಳುವ ಕ್ಯಾಪ್ಸೂಲ್, ಮತ್ತೊಂದು ಕಡೆ ವೈದ್ಯರ ಕೈಯಲ್ಲಿ ಕಲಸಿದ ಪೇಸ್ಟ್. ಅಳತೆ ಮತ್ತು ರೂಪವನ್ನು ಕಿತ್ತುಹಾಕಿ ಪುರಾವೆಯನ್ನು ಮಾತ್ರ ಇಟ್ಟುಕೊಳ್ಳಲು ಬರುವುದಿಲ್ಲ.

ಪುರಾವೆ ಕೈಕೊಡುವ ಜಾಗಗಳನ್ನೂ ಹೇಳಬೇಕು. ಡೆಂಗಿ ಹರಡುವ ತಿಂಗಳುಗಳಲ್ಲಿ ಇದು ಜೀವದ ಪ್ರಶ್ನೆ. ಸೊಳ್ಳೆಗೆ ಸಿಟ್ರೊನೆಲ್ಲಾ ಹಿಡಿಸುವುದಿಲ್ಲ ಎಂಬುದು ನಿಜ. ಆದರೆ 2002ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪ್ರಕಟಿಸಿದ ಹೋಲಿಕೆಯಲ್ಲಿ ಸಿಟ್ರೊನೆಲ್ಲಾ ಆಧಾರಿತ ಲೇಪಗಳು 20 ನಿಮಿಷವೂ ಸರಿಯಾಗಿ ಕಾಪಾಡಲಿಲ್ಲ, ಡೀಟ್ ಎಂಬ ಸೊಳ್ಳೆನಿರೋಧಕ ರಾಸಾಯನಿಕ ಶೇ 23.8ರಷ್ಟಿದ್ದ ಲೇಪ ಐದು ಗಂಟೆ ಕಾಪಾಡಿತು. ಬೇಗ ಆವಿಯಾಗುವುದರಿಂದ ಸೊಳ್ಳೆಗೆ ವಾಸನೆ ತಲುಪುತ್ತದೆ, ಬೇಗ ಆವಿಯಾಗುವುದರಿಂದಲೇ ರಕ್ಷಣೆ ಮುಗಿದುಹೋಗುತ್ತದೆ. ನೆಗಡಿಯಲ್ಲಿ ಮೆಂಥಾಲ್ ಮೂಸಿದಾಗ ಮೂಗು ಬಿಚ್ಚಿಕೊಂಡಂತೆ ಅನಿಸುವುದೂ ಇಂಥದೇ. ಅಳೆದು ನೋಡಿದರೆ ಮೂಗಿನಲ್ಲಿ ಗಾಳಿಯ ಓಟ ಹೆಚ್ಚಿರುವುದಿಲ್ಲ, ತಂಪನ್ನು ಗ್ರಹಿಸುವ ನರತುದಿಗಳನ್ನು ಮೆಂಥಾಲ್ ಕೆರಳಿಸಿರುತ್ತದೆ ಅಷ್ಟೆ. ಆ ಹಾಯೆನಿಸುವಿಕೆ ಸುಳ್ಳಲ್ಲ, ಕಟ್ಟಿದ ಮೂಗಿನಲ್ಲಿ ನಿದ್ದೆ ಬಾರದೆ ಹೊರಳಾಡುವವರಿಗೆ ಅದೂ ದೊಡ್ಡ ಉಪಕಾರವೇ. ಸೋಂಕು ಗುಣವಾಯಿತು ಎಂದು ತಿಳಿಯದಿದ್ದರೆ ಸಾಕು.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಬರುತ್ತದೆ: ನಮ್ಮ ಅಜ್ಜಿಯರು ಇವನ್ನೆಲ್ಲ ಬಳಸಿ ನೂರು ವರ್ಷ ಬಾಳಲಿಲ್ಲವೇ, ಆಯುರ್ವೇದದಲ್ಲಿ ತೈಲಗಳು ತುಂಬಿಲ್ಲವೇ? ಪ್ರಶ್ನೆ ನ್ಯಾಯವಾದದ್ದು, ಆದರೆ ಅದು ಎರಡು ಬೇರೆ ವಸ್ತುಗಳನ್ನು ಒಂದೆಂದು ಹಿಡಿದಿದೆ. ಅಜ್ಜಿಯರು ಬಳಸಿದ್ದು ಓಮದ ಕಾಳು, ತುಳಸಿಯ ಎಲೆ, ದೊಡ್ಡಪತ್ರೆಯ ರಸ, ಶುಂಠಿಯ ಕಷಾಯ. ಅವುಗಳಲ್ಲಿ ಸುಗಂಧತೈಲ ಇರುವುದು ನಾರು, ನೀರು, ಪಿಷ್ಟಗಳ ನಡುವೆ, ಅತ್ಯಲ್ಪವಾಗಿ. ಆಯುರ್ವೇದದ ಮಹಾನಾರಾಯಣ ತೈಲವಾಗಲಿ ಅಣುತೈಲವಾಗಲಿ ಎಳ್ಳೆಣ್ಣೆಯಲ್ಲಿ ಮೂಲಿಕೆಗಳನ್ನು ಕಷಾಯ, ಕಲ್ಕಗಳ ರೂಪದಲ್ಲಿ ಹಾಕಿ ನಿಧಾನ ಉರಿಯಲ್ಲಿ ಕಾಯಿಸಿ ಇಳಿಸಿದವು. ಅಲ್ಲಿ ಆಧಾರ ತೈಲವೇ ಬಹುಪಾಲು, ಪಾಕದ ಹದಕ್ಕೂ ಕೊಡುವ ಪ್ರಮಾಣಕ್ಕೂ ಶಾಸ್ತ್ರವಿದೆ. ಪರಂಪರೆಯನ್ನು ಸಾಕ್ಷಿಗೆ ಕರೆಯುವವರು ಪೂರ್ತಿ ಕರೆಯಬೇಕು: ಅದು ಸಾಕ್ಷಿ ಹೇಳುವುದು ಅಳತೆಯ ಪರವಾಗಿಯೇ. ಟನ್ನುಗಟ್ಟಲೆ ಎಲೆಯನ್ನು ಉಕ್ಕಿನ ಭಟ್ಟಿಯಲ್ಲಿ ಬೇಯಿಸಿ ತೆಗೆದ ಸತ್ವವನ್ನು ಮನೆಮನೆಗೆ ಹತ್ತು ಮಿಲಿಯಂತೆ ಹಂಚುವುದು ಇತ್ತೀಚಿನ ಕೈಗಾರಿಕೆಯ ಕೆಲಸ, ಅಜ್ಜಿಯ ಅನುಭವ ಅದಕ್ಕೆ ಜಾಮೀನು ನಿಲ್ಲಲಾರದು.

ಅಳತೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು ದಕ್ಷಿಣ ಭಾರತದ ಇತರ ಆಸ್ಪತ್ರೆಗಳ ಜೊತೆ ಸೇರಿ ನಾಲ್ಕು ವರ್ಷ ನಡೆಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಸುಗಂಧತೈಲಗಳಿಗೆ ನಂಟಿರುವ ಫಿಟ್ಸ್‌ನಿಂದ ಬಂದ 55 ವಯಸ್ಕರನ್ನು ಅವರು ಗುರುತಿಸಿದ್ದರು. ಕೆಲವರಿಗೆ ಅದಕ್ಕೆ ಮೊದಲು ಫಿಟ್ಸ್ ಬಂದದ್ದೇ ಇರಲಿಲ್ಲ. ಉಳಿದವರಿಗೆ ಮೂರ್ಛೆರೋಗವಿದ್ದು ಅದು ಕೆರಳಿತ್ತು. ಕಾರಣವಾಗಿ ಕಂಡವು ನೀಲಗಿರಿ ಮತ್ತು ಕರ್ಪೂರ ಬೆರೆತ ತಯಾರಿಕೆಗಳು: ನಾವು ತಲೆನೋವಿಗೆ ತಿಕ್ಕಿಕೊಳ್ಳುವ, ಹಬೆಗೆ ಹನಿಸುವ ಪದಾರ್ಥಗಳೇ. ನೀಲಗಿರಿಯ ಸಿನಿಯೋಲ್ ಆಗಲಿ ಕರ್ಪೂರವಾಗಲಿ ಕೊಬ್ಬಿನಲ್ಲಿ ಸುಲಭವಾಗಿ ಕರಗುವಂಥವು, ಹಾಗಾಗಿ ರಕ್ತದಿಂದ ಮಿದುಳಿಗೆ ಬೇಗ ದಾಟುತ್ತವೆ. ಮೂರ್ಛೆರೋಗವಿರುವ ಎಷ್ಟೋ ಮನೆಗಳಲ್ಲಿ ಮಾತ್ರೆಯನ್ನು ತಪ್ಪದೆ ನುಂಗಿಸುತ್ತಾರೆ, ರಾತ್ರಿ ಹಣೆಗೆ ಬಾಮನ್ನೂ ತಪ್ಪದೆ ಹಚ್ಚುತ್ತಾರೆ. ಈ ಒಂದು ಮಾಹಿತಿ ಪ್ರತಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಗೋಡೆಯ ಮೇಲೆ ಬರೆದಿರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಊಟಿಯ ಅಂಗಡಿಗಳಲ್ಲಿ ಪ್ರವಾಸಿಗರು ಮಂಡಿನೋವಿಗೆಂದು ಕೊಂಡುತರುವ ವಿಂಟರ್‌ಗ್ರೀನ್ ಎಣ್ಣೆಯದೂ ಇದೇ ಕತೆ. ಅದು ಬಹುತೇಕ ಶುದ್ಧ ಮಿಥೈಲ್ ಸ್ಯಾಲಿಸಿಲೇಟ್. ಒಂದು ಟೀ ಚಮಚ ಒಳಗೆ ಹೋದರೆ ವಯಸ್ಕರ ಇಪ್ಪತ್ತಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆಗಳನ್ನು ನುಂಗಿದಷ್ಟು ವಿಷ.

‘ಶುದ್ಧವಾದದ್ದು, ನೈಸರ್ಗಿಕವಾದದ್ದು, ಕಲಬೆರಕೆಯದರಿಂದ ಮಾತ್ರ ತೊಂದರೆ’ ಎಂಬುದು ಇನ್ನೊಂದು ವಾದ. ಕಲಬೆರಕೆ ನಿಜವಾದ ಪಿಡುಗು, ಆದರೆ ಶುದ್ಧತೆ ಸುರಕ್ಷತೆಯಲ್ಲ. ಶುದ್ಧವಾದಷ್ಟೂ ಹನಿಯ ಬಲ ಹೆಚ್ಚು. ಬರ್ಗಮಾಟ್ ಎಂಬ ನಿಂಬೆಜಾತಿಯ ಹಣ್ಣಿನ ಎಣ್ಣೆಯನ್ನು ಒತ್ತಿ ತೆಗೆದಾಗ ಅದರಲ್ಲಿ ಉಳಿಯುವ ಬರ್ಗಾಪ್ಟೆನ್ ಎಂಬ ರಾಸಾಯನಿಕ ಅಪ್ಪಟ ನೈಸರ್ಗಿಕ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಲ್ಯಾವೆಂಡರ್, ಟೀ ಟ್ರೀ, ಕಿತ್ತಳೆ ಎಣ್ಣೆಗಳು ಗಾಳಿ ಬೆಳಕಿಗೆ ಸಿಕ್ಕಿ ಹಳತಾದಂತೆ ಅವುಗಳ ಘಟಕಗಳು ಆಮ್ಲಜನಕದೊಂದಿಗೆ ಸೇರಿ ಅಲರ್ಜಿ ತರುವ ಪೆರಾಕ್ಸೈಡುಗಳಾಗುತ್ತವೆ. ಆದ್ದರಿಂದ ಕಂದು ಗಾಜಿನ ಸೀಸೆ, ಬಿಗಿ ಮುಚ್ಚಳ, ತಂಪು ಕಪಾಟು. ಬಿಚ್ಚಿದ ತಾರೀಖನ್ನು ಸೀಸೆಯ ಮೇಲೆ ಬರೆದಿಡಬೇಕು. ಸುಗಂಧತೈಲ ಹಾಕಿದ ಮಾತ್ರಕ್ಕೆ ರೋಗಾಣು ಸಾಯುತ್ತದೆ ಎಂಬ ನಂಬಿಕೆಗೂ 2021ರಲ್ಲಿ ಪೆಟ್ಟು ಬಿತ್ತು. ಭಾರತದಲ್ಲಿ ತಯಾರಾಗಿ ಅಮೆರಿಕದಲ್ಲಿ ಮಾರಾಟವಾದ ಲ್ಯಾವೆಂಡರ್ ಪರಿಮಳದ ಕೋಣೆಯ ಸ್ಪ್ರೇಯೊಂದರಲ್ಲಿ ಮೆಲಿಯಾಯ್ಡೋಸಿಸ್ ತರುವ ಬ್ಯಾಕ್ಟೀರಿಯಾ ಬದುಕಿತ್ತು. ನಾಲ್ವರಿಗೆ ಕಾಯಿಲೆ ತಗುಲಿ ಇಬ್ಬರು ತೀರಿಕೊಂಡರು. ನಮ್ಮ ಕರಾವಳಿಯ ವೈದ್ಯರಿಗೆ ಈ ಕಾಯಿಲೆಯ ಪರಿಚಯ ಚೆನ್ನಾಗಿದೆ.

ಮಾರಾಟದ ಭಾಷೆಯನ್ನೂ ಸ್ವಲ್ಪ ತಡವಿ ನೋಡಬೇಕು. ‘ಥೆರಪ್ಯೂಟಿಕ್ ಗ್ರೇಡ್’ ಎಂಬ ದರ್ಜೆಯನ್ನು ಯಾವ ಸರಕಾರಿ ಸಂಸ್ಥೆಯೂ ಕೊಡುವುದಿಲ್ಲ, ಅದು ಕಂಪನಿಗಳು ತಾವೇ ಹಚ್ಚಿಕೊಂಡ ಬಿರುದು. ಅರೋಮಾಥೆರಪಿಗೆ ಆ ಹೆಸರು ಕೊಟ್ಟ ಫ್ರೆಂಚ್ ರಸಾಯನ ವಿಜ್ಞಾನಿ ಗಟೆಫೊಸೆ 1910ರ ಪ್ರಯೋಗಾಲಯದ ಸ್ಫೋಟದಲ್ಲಿ ಸುಟ್ಟ ಕೈಯನ್ನು ಆಕಸ್ಮಿಕವಾಗಿ ಲ್ಯಾವೆಂಡರ್ ಎಣ್ಣೆಯ ತೊಟ್ಟಿಗೆ ಅದ್ದಿದೊಡನೆ ನೋವು ಮಾಯವಾಯಿತೆಂಬ ಕತೆ ಊರೂರು ಸುತ್ತುತ್ತಿದೆ. 1937ರ ಪುಸ್ತಕದಲ್ಲಿ ಆತನೇ ಬರೆದದ್ದು ಬೇರೆ: ಸುಟ್ಟ ಗಾಯ ಕೊಳೆಯತೊಡಗಿದ ಮೇಲೆ ಗೊತ್ತಿದ್ದೇ ಲ್ಯಾವೆಂಡರ್ ಸತ್ವದಿಂದ ತೊಳೆದದ್ದು. 2014ರಲ್ಲಿ ಎಬೋಲಾ ಹಬ್ಬಿದಾಗ ಈ ತೈಲಗಳಿಂದ ಅದು ಗುಣವಾಗುತ್ತದೆ ಎಂಬ ಪ್ರಚಾರ ಎಷ್ಟು ಬೆಳೆಯಿತೆಂದರೆ, ಅಮೆರಿಕದ ಎಫ್‌ಡಿಎ ಕಂಪನಿಗಳಿಗೆ ಲಿಖಿತ ಎಚ್ಚರಿಕೆ ಕೊಡಬೇಕಾಯಿತು. ಕೊಳ್ಳುವಾಗ ಸೀಸೆಯ ಮೇಲೆ ಸಸ್ಯದ ವೈಜ್ಞಾನಿಕ ಹೆಸರು, ಯಾವ ಭಾಗದಿಂದ ತೆಗೆದದ್ದು, ಬ್ಯಾಚ್ ಸಂಖ್ಯೆ ಇವೆಯೇ ನೋಡಬೇಕು. ಗ್ಯಾಸ್ ಕ್ರೊಮಟೊಗ್ರಫಿ ವರದಿ ಕೇಳಿದರೆ ಒಳ್ಳೆಯ ತಯಾರಕರು ಕೊಡುತ್ತಾರೆ.

ಇಷ್ಟೆಲ್ಲ ಕೇಳಿದ ಮೇಲೆ, ಮನಸ್ಸಿಗೆ ನೆಮ್ಮದಿಯಾಗುತ್ತದೆ ಎಂಬ ಒಂದೇ ಕಾರಣಕ್ಕೆ ಬಳಸುವುದು ತಪ್ಪೇ ಎಂದು ಯಾರಾದರೂ ಕೇಳಬಹುದು. ಖಂಡಿತ ತಪ್ಪಲ್ಲ. ವಾಸನೆಯ ನರಮಾರ್ಗ ಮಿದುಳಿನಲ್ಲಿ ಭಾವನೆ ಮತ್ತು ನೆನಪಿನ ಭಾಗಗಳಿಗೆ ಬಲು ಹತ್ತಿರ; ಪರಿಮಳ ಮನಸ್ಸನ್ನು ಹಗುರ ಮಾಡಲು ಬೇರೆ ಯಾವ ಸಮರ್ಥನೆಯೂ ಬೇಕಿಲ್ಲ. ಆ ಸುಖಕ್ಕೆ ಹತ್ತಿಗೆ ತಾಗಿಸಿದ ಒಂದು ಹನಿ ಸಾಕು. ಅದನ್ನು ಕುಡಿಯುವ ನೀರಿಗೆ ಹನಿಸಬೇಕಿಲ್ಲ, ಕಿವಿಗೆ ಮೂಗಿಗೆ ಬಿಡಬೇಕಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಕರ್ಪೂರ, ಮೆಂಥಾಲ್, ನೀಲಗಿರಿಯ ಲೇಪ ಬೇಡವೇ ಬೇಡ. ಗರ್ಭಿಣಿಯರು ವೈದ್ಯರನ್ನು ಕೇಳದೆ ಬಳಸಬಾರದು. ಬೆಕ್ಕು ಸಾಕಿದವರು ಟೀ ಟ್ರೀ ಎಣ್ಣೆಯನ್ನು ಅದರ ಮೈಗೆ ಸೋಕಿಸಲೇಬಾರದು, ಈ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ.

ಮಗುವೊಂದು ಸೀಸೆಗೆ ಬಾಯಿ ಹಾಕಿದ್ದು ಕಂಡರೆ ವಾಂತಿ ಮಾಡಿಸಲು ಹೋಗಬಾರದು. ಉಪ್ಪುನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕುವುದು ಎರಡೂ ಅಪಾಯ. ವಾಂತಿಯ ಜೊತೆ ಮೇಲೆ ಬರುವ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆಯಲ್ಲಿದ್ದಾಗ ಮಾಡುವುದಕ್ಕಿಂತ ಹೆಚ್ಚಿನ ಹಾನಿ ಮಾಡುತ್ತದೆ. ಲಕ್ಷಣ ಕಾಣಲೆಂದು ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಬೇಕು, ನೀಲಗಿರಿ ಎಣ್ಣೆ ಕೆಲವೇ ನಿಮಿಷಗಳಲ್ಲಿ ಮಂಪರು ತರಬಹುದು. ಹೊರಡುವಾಗ ಸೀಸೆಯನ್ನೂ ಜೊತೆಗೆ ಒಯ್ಯಬೇಕು: ಒಳಗಿದ್ದದ್ದು ಯಾವ ಎಣ್ಣೆ, ಎಷ್ಟು ಖಾಲಿಯಾಗಿದೆ ಎಂಬುದೇ ವೈದ್ಯರು ಮೊದಲು ಕೇಳುವ ಪ್ರಶ್ನೆ.